ಕ್ರೋಧದೊಳಗಣ ಕರುಣೆ

ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ತಂಡವು 1977ರ ಜನವರಿಯಲ್ಲಿ ಹೊರತಂದ ‘ಅನಿಮಲ್ಸ್’ ಎಂಬ ಆಲ್ಬಮ್ ಮನುಷ್ಯದ್ವೇಷದ ಕೃತಿಯೆಂಬ ಮಾತನ್ನು ಈಗಲೂ ಆಗಾಗ ಕೇಳುತ್ತೇವೆ. ಮೊದಲ ಶ್ರವಣದಲ್ಲಿ ನನಗೂ ಹಾಗೆಯೇ ತೋರಿದ್ದಿತು. ಜಾರ್ಜ್ ಆರ್ವೆಲ್ಲರ ‘ಅನಿಮಲ್ ಫಾರ್ಮ್’ ಕಾದಂಬರಿಯ ನೆರಳಿನಲ್ಲಿ ನಿಂತು, ಆದರೆ ಅದರಂತೆ ಸ್ಟಾಲಿನ್ನನ ರಷ್ಯವನ್ನಲ್ಲದೆ ತಮ್ಮದೇ ನಾಡಿನ ಬಂಡವಾಳಶಾಹಿಯನ್ನು ಗುರಿಯಾಗಿಟ್ಟುಕೊಂಡು, ತಂಡದ ಗೀತರಚನಕಾರ ರೋಜರ್ ವಾಟರ್ಸ್ ಇಡೀ ಸಮಾಜವನ್ನು ಮೂರಾಗಿ ವಿಂಗಡಿಸುತ್ತಾರೆ: ಕಚ್ಚಾಡುತ್ತ ಮೇಲೇರುವ ವ್ಯವಹಾರಸ್ಥರು ನಾಯಿಗಳು, ನೀತಿ ಬೋಧಿಸುತ್ತ ಆಳುವವರು ಹಂದಿಗಳು, ತಲೆತಗ್ಗಿಸಿ ನಡೆಯುವ ಉಳಿದವರೆಲ್ಲ ಕುರಿಗಳು.

ಕೇಳುತ್ತ ಬಂದಂತೆ ಮನಸ್ಸನ್ನು ಹಿಡಿದುದು ಬೇರೊಂದು ಸಂಗತಿ. ಸುಮಾರು 41 ನಿಮಿಷಗಳ ಈ ಕೃತಿಯಲ್ಲಿ 17 ನಿಮಿಷಗಳು ‘ಡಾಗ್ಸ್’ ಎಂಬ ಒಂದೇ ಗೀತಕ್ಕೆ ಮೀಸಲು. ಬರಿಯ ತಿರಸ್ಕಾರಕ್ಕೆ ಇಷ್ಟು ಅವಕಾಶ ಬೇಕಾಗದು. ನಗುನಗುತ್ತ ಕೈಕುಲುಕಿ, ಎದುರಿನವನು ಬೆನ್ನು ತಿರುಗಿಸಿದೊಡನೆ ಇರಿಯುವ ವಿದ್ಯೆಯನ್ನು ಸಾಧಿಸಿದವನು, ವೃದ್ಧನಾಗಿ, ಯಾರನ್ನೂ ನಂಬಲಾರದವನಾಗಿ, ರೋಗಗ್ರಸ್ತನಾಗಿ, ಏಕಾಕಿಯಾಗಿ ಸಾಯುವವರೆಗೂ ಗೀತವು ಅವನ ಜೊತೆ ಬಿಡುವುದಿಲ್ಲ. ಅವನನ್ನು ಮುಳುಗಿಸುವ ಕಲ್ಲಿನ ಮಾತು ಬಂದೊಡನೆ, ತಂಡದ ಗಿಟಾರುವಾದಕ ಡೇವಿಡ್ ಗಿಲ್ಮೋರರ ಕಂಠದಿಂದ ಹೊರಟ ಆ ಒಂದೇ ಪದವು ಮತ್ತೆ ಮತ್ತೆ ಅನುರಣಿಸಿ, ಅರ್ಥವನ್ನು ಕಳೆದುಕೊಂಡು, ಸಿಂಥಸೈಜರಿನ ಮಂದನಾದದಲ್ಲಿ ಕರಗಿಹೋಗುತ್ತದೆ. ನಾಯಿಗಳ ಬೊಗಳು ಸಹ ಅಲ್ಲಿ ಯಂತ್ರದ ಮೂಲಕ ಹಾಯ್ದು ಮನುಷ್ಯನ ನರಳಿಕೆಯಂತೆ ಕೇಳಿಸುತ್ತದೆ. ದ್ವೇಷಿಸುವವನು ಶತ್ರುವಿನ ಮರಣಶಯ್ಯೆಯ ಬಳಿ ಇಷ್ಟು ಹೊತ್ತು ಕುಳಿತಿರಲಾರನೆಂದೇ ನನ್ನ ನಂಬಿಕೆ.

ಇದರ ಮುಂದೆ ಹಂದಿಗಳ ಗೀತ ತುಸು ಸಪ್ಪೆ. ದೂರದರ್ಶನದ ಶೀಲರಕ್ಷಣೆಗೆ ಹೊರಟಿದ್ದ ಮೇರಿ ವೈಟ್‌ಹೌಸ್‌ರನ್ನು ಹೆಸರು ಹಿಡಿದು ಜರೆಯುವ ಭಾಗವಂತೂ ಆ ಕಾಲದ ಜಗಳವಾಗಿಯೇ ಉಳಿದಿದೆ. ‘ಶೀಪ್’ ಹಾಗಲ್ಲ. ಬೈಬಲಿನ ಇಪ್ಪತ್ತಮೂರನೆಯ ಕೀರ್ತನೆಯನ್ನು ತಿರುಚಿ, ಕಾಯುವ ಕುರುಬನನ್ನೇ ಕಟುಕನನ್ನಾಗಿಸುವ ಆ ಗೀತದಲ್ಲಿ ಕುರಿಗಳು ದಂಗೆಯೆದ್ದು ನಾಯಿಗಳನ್ನು ಕೊಲ್ಲುತ್ತವೆ; ಕಡೆಯಲ್ಲಿ ಗಿಲ್ಮೋರರ ಗಿಟಾರು ಮೊಳಗಿದಾಗ ಅದನ್ನು ಜಯಭೇರಿಯೆಂದೇ ಕೇಳುತ್ತಿದ್ದೆನು. ಆ ಮೊಳಗಿಗೆ ತುಸು ಮುಂಚೆಯೇ, ಮನೆಯಲ್ಲಿರಿ, ಹೇಳಿದಂತೆ ಕೇಳಿರಿ ಎಂಬ ಹೊಸ ಅಪ್ಪಣೆಯೊಂದು ಹೊರಟಿರುವುದನ್ನು ಗಮನಿಸಿದ ಮೇಲೆ ಅದೇ ಸ್ವರಗಳಲ್ಲಿ ನನಗೆ ಭಯ ಕೇಳಿಸತೊಡಗಿತು. ದಂಗೆಯ ನಂತರ ಆಜ್ಞಾಪಿಸುವವರು ಬದಲಾದರೇ ಹೊರತು ಆಜ್ಞೆ ನಿಲ್ಲಲಿಲ್ಲ.

ಆದಿಯಲ್ಲೂ ಅಂತ್ಯದಲ್ಲೂ ವಾಟರ್ಸ್ ಒಂದು ಗಿಟಾರನ್ನಷ್ಟೇ ಹಿಡಿದು ಹಾಡುವ, ಒಂದೂವರೆ ನಿಮಿಷವನ್ನೂ ಮುಟ್ಟದ ಎರಡು ಪ್ರೇಮಗೀತಗಳನ್ನು ಅನೇಕರು ಅಲಂಕಾರವೆಂದು ಬದಿಗಿಡುತ್ತಾರೆ. ಆದರೆ ಇಡೀ ಆಪಾದನೆಗೆ ಅಧಿಕಾರ ದೊರೆಯುವುದು ಆ ಕೊನೆಯ ಗೀತದಿಂದಲೇ. ಅಷ್ಟು ಹೊತ್ತು ನ್ಯಾಯಾಧೀಶನಂತೆ ನುಡಿಯುತ್ತಿದ್ದ ಗಾಯಕನು ಅಲ್ಲಿ ತಾನೂ ಒಂದು ನಾಯಿಯೆಂದು, ಹಾರುವ ಹಂದಿಗಳಿಂದ ಮರೆಯಾಗಿರಲು ತನಗೂ ಒಬ್ಬರ ಆಸರೆ ಬೇಕೆಂದು, ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಾನೆ.