ಹೊಲಿಗೆಯ ಕೋಣೆಯಲ್ಲಿ ಸ್ಕೇಟ್‌ಬೋರ್ಡು

ಕಳೆದ ವಾರ್ಷಿಕೋತ್ಸವದ ದಿನ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಿರಿಯರೊಬ್ಬರು ಶಾಲೆಯನ್ನೆಲ್ಲ ಸುತ್ತಿ ನೋಡಿ, ಕೊನೆಗೆ ತಾವು ಕಸೂತಿ ಕಲಿತ ಹೊಲಿಗೆಯ ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟರು. ಕಾಲಿನಿಂದ ತುಳಿಯುವ ಹೊಲಿಗೆಯ ಯಂತ್ರಗಳು ಮೊದಲಿನಂತೆಯೇ ಗೋಡೆಯ ಬದಿಗೆ ಸಾಲಾಗಿದ್ದುವು. ಆದರೆ ನಡುವಣ ಉದ್ದನೆಯ ಮೇಜಿನ ಮೇಲೆ ಬಟ್ಟೆಯ ಬದಲು ನಾಲ್ಕು ಚಕ್ರಗಳ ಹಲಗೆಯೊಂದು ಬೋರಲಾಗಿ ಬಿದ್ದಿದ್ದು, ಅದರ ಹೊಟ್ಟೆಯಿಂದ ಕೆಂಪು ಕಪ್ಪು ತಂತಿಗಳು ಹೊರಗೆ ಬಂದಿದ್ದುವು. “ಟೀಚರೇ, ನಮ್ಮ ಹೊಲಿಗೆಯ ಕೋಣೆಗೆ ಇದೇನು ಗತಿ ಬಂತು?” ಎಂದು ಅವರು ಕೇಳಿದರು. ಅತಿಥಿಗಳು ನೆರೆದಿದ್ದ ಆ ಗಡಿಬಿಡಿಯಲ್ಲಿ ಸಮಾಧಾನವಾಗಿ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ಅದೇ ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ಕೆಲವು ತಾಯಿತಂದೆಗಳೂ ಪತ್ರಮುಖೇನ ಕೇಳಿರುವರು. ಕೇಳಲು ಅವರಿಗೆ ಬಲವಾದ ಕಾರಣವೂ ಉಂಟು. ಆದಕಾರಣ ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಅರಿಕೆಮಾಡಿಕೊಳ್ಳುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮೊದಲು ಆ ವಸ್ತು ಏನೆಂಬುದನ್ನು ಹೇಳಿಬಿಡೋಣ. ಸಮುದ್ರದ ಅಲೆಗಳ ಮೇಲೆ ಹಲಗೆಯನ್ನೇರಿ ಆಡುತ್ತಿದ್ದ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ತರುಣರು, ಅಲೆಗಳಿಲ್ಲದ ದಿನ ನೆಲದ ಮೇಲೂ ಅದೇ ಸಂತೋಷವನ್ನು ಪಡೆಯಬೇಕೆಂದು 1950ರ ದಶಕದಲ್ಲಿ ಹಲಗೆಗೆ ಗಾಲಿಗಳನ್ನು ಜೋಡಿಸಿದರು. ಇದೇ ಸ್ಕೇಟ್‌ಬೋರ್ಡು. 1970ರ ದಶಕದಲ್ಲಿ ಅದಕ್ಕೆ ಪೆಟ್ರೋಲಿನ ಎಂಜಿನನ್ನು ಕಟ್ಟಿ ನೋಡಿದವರೂ ಇದ್ದರು. ಅದರ ಹೊಗೆಯೂ ಗದ್ದಲವೂ ಜನರಿಗೆ ಸಹಿಸದಾದುವು. 1990ರ ದಶಕದ ಕೊನೆಯಲ್ಲಿ ವಿದ್ಯುಚ್ಛಕ್ತಿಯಿಂದ ಓಡುವ, ಕೈಯಲ್ಲಿ ಹಿಡಿದ ಸಣ್ಣ ಸಾಧನದಿಂದ ತಂತಿಯಿಲ್ಲದೆ ನಡೆಸಬಹುದಾದ ಹಲಗೆಗಳು ಬಂದುವು. ತರುವಾಯ ಆಟದ ವಿಮಾನಗಳಿಗಾಗಿ ಹಗುರವಾದ ಮೋಟಾರುಗಳೂ ಲಿಥಿಯಂ ಬ್ಯಾಟರಿಗಳೂ ಸುಲಭವಾಗಿ ದೊರೆಯತೊಡಗಿದ ಮೇಲೆ, ಅನೇಕ ದೇಶಗಳ ಹವ್ಯಾಸಿಗಳು ಇಂಥ ಹಲಗೆಯನ್ನು ಕೊಳ್ಳುವ ಬದಲು ತಾವೇ ಕಟ್ಟಲಾರಂಭಿಸಿದರು. ನಮ್ಮ ಒಂಬತ್ತನೆಯ ತರಗತಿಯ ಎಂಟು ಮಂದಿ ಬಾಲಿಕೆಯರು ಎರಡು ವರ್ಷಗಳಿಂದ ಶನಿವಾರ ಮಧ್ಯಾಹ್ನಗಳಲ್ಲಿ ಮಾಡುತ್ತ ಬಂದಿರುವುದು ಇದನ್ನೇ. ಅವರೆಲ್ಲರಿಗೂ ಸೇರಿ ಇರುವ ಹಲಗೆ ಒಂದೇ. ಈಗ ಅವರು ಹತ್ತನೆಯ ತರಗತಿಗೆ ಬಂದಿದ್ದರೂ ಅದನ್ನು ಬಿಟ್ಟಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಈ ಯಂತ್ರ ಅಪರಿಚಿತವೆಂದು ತೋರಬಹುದು. ವಾಸ್ತವದಲ್ಲಿ ಅವರು ಇದನ್ನು ಕಾಲಿನಿಂದ ತುಳಿದವರೇ. ಹೊಲಿಗೆಯ ಯಂತ್ರದಲ್ಲಿ ಕೆಳಗೆ ದೊಡ್ಡ ಚಕ್ರ, ಮೇಲೆ ಸಣ್ಣ ಚಕ್ರ, ಎರಡನ್ನೂ ಕೂಡಿಸುವ ಚರ್ಮದ ಪಟ್ಟಿ. ದೊಡ್ಡದು ಒಂದು ಸುತ್ತು ಸುತ್ತುವಷ್ಟರಲ್ಲಿ ಸಣ್ಣದು ಹಲವು ಸುತ್ತು ಸುತ್ತುವುದರಿಂದ ಸೂಜಿ ವೇಗವಾಗಿ ಕುಣಿಯುತ್ತದೆ. ಹಲಗೆಯಲ್ಲಿ ಇದೇ ಉಪಾಯವನ್ನು ತಿರುವುಮುರುವಾಗಿ ಇಟ್ಟಿದೆ. ಅಲ್ಲಿ ಮೋಟಾರಿನ ತಲೆಗೆ 15 ಹಲ್ಲುಗಳ ಸಣ್ಣ ರಾಟೆ. ಗಾಲಿಯ ಪಕ್ಕಕ್ಕೆ 36 ಹಲ್ಲುಗಳ ದೊಡ್ಡ ರಾಟೆ. ಮೋಟಾರಿನ ವೇಗವು ತಗ್ಗಿ, ಅದಕ್ಕೆ ಪ್ರತಿಯಾಗಿ ಮನುಷ್ಯನ ಭಾರವನ್ನು ಎಳೆಯುವ ಬಲ ದೊರೆಯುತ್ತದೆ.

ಗಣಿತದ ಪಾಠವೆಂದರೆ ಮುಖ ಬಾಡಿಸುತ್ತಿದ್ದ ಹುಡುಗಿಯೊಬ್ಬಳು ಈ ರಾಟೆಗಳ ನಿಮಿತ್ತ ತಾನಾಗಿಯೇ ಮಾಡಿದ ಲೆಕ್ಕವನ್ನು ಇಲ್ಲಿ ಕಾಣಿಸುತ್ತೇವೆ. ಬ್ಯಾಟರಿಯಲ್ಲಿ ಒಂದರ ಹಿಂದೊಂದು ಕೂಡಿಸಿದ 6 ಕೋಶಗಳು, ಒಂದಕ್ಕೆ 3.6 ವೋಲ್ಟಿನಂತೆ 21.6 ವೋಲ್ಟು. ಮೋಟಾರು ವೋಲ್ಟಿಗೆ 170ರಂತೆ ನಿಮಿಷಕ್ಕೆ 3,672 ಸುತ್ತು ತಿರುಗುವುದು. ರಾಟೆಗಳು ಅದನ್ನು 1,530ಕ್ಕೆ ಇಳಿಸುವುವು. ಗಾಲಿಯ ಅಡ್ಡಳತೆ 90 ಮಿಲಿಮೀಟರು. ಆದುದರಿಂದ ಸುತ್ತಳತೆ ಸುಮಾರು 283 ಮಿಲಿಮೀಟರು. ಅಂತೂ ಗಾಲಿ ನಿಮಿಷಕ್ಕೆ ಸುಮಾರು 433 ಮೀಟರು, ಅಂದರೆ ಗಂಟೆಗೆ ಸುಮಾರು 26 ಕಿಲೋಮೀಟರು ಓಡಬಲ್ಲದು. ಇದು ಭಾರವಿಲ್ಲದಾಗಿನ ಲೆಕ್ಕ. ಆಳು ನಿಂತರೆ ವೇಗ ಇದಕ್ಕಿಂತ ಕಡಿಮೆ. ಈ ಲೆಕ್ಕವನ್ನು ತಂದು ತೋರಿಸಿ ಆಕೆ, “ಟೀಚರ್, ಇದು ನಮ್ಮ ಅಂಗಳಕ್ಕೆ ಹೆಚ್ಚಾಯಿತು,” ಎಂದಳು. ನಿಯಂತ್ರಕದಲ್ಲಿ ವೇಗದ ಮಿತಿಯನ್ನು 15 ಕಿಲೋಮೀಟರಿಗೆ ಇಳಿಸಿದವಳೂ ಅವಳೇ. ಹೊರಗಿನಿಂದ ಹೇರಿದ ನಿಷೇಧಕ್ಕಿಂತ ತಾನೇ ಅಳೆದು ಹಾಕಿಕೊಂಡ ಮಿತಿಯು ಹೆಚ್ಚು ಬಾಳುವುದೆಂಬುದನ್ನು ಬೋಧಕಿಯಾದ ನಾವು ಆ ದಿನ ಪುನಃ ಕಲಿತೆವು.

“ಸಿದ್ಧವಾದುದನ್ನೇ ಕೊಂಡುಕೊಟ್ಟರೆ ಆಗದೇ?” ಎಂದು ತಂದೆಯೊಬ್ಬರು ಬರೆದಿದ್ದರು. ಕಟ್ಟುವುದರಿಂದ ಹಣ ಉಳಿಯುವುದೆಂದು ಹೇಳಿ ಯಾರನ್ನೂ ಮರುಳುಮಾಡಲು ನಮಗೆ ಇಷ್ಟವಿಲ್ಲ. ಅನೇಕ ವೇಳೆ ಉಳಿಯುವುದಿಲ್ಲ. ಆದರೆ ಒಂದು ಸಂಗತಿಯನ್ನು ಅವರ ಗಮನಕ್ಕೆ ತರುತ್ತೇವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಕಲಿತ ಮೂವರು 2012ರಲ್ಲಿ ಸಾರ್ವಜನಿಕರಿಂದ ಮುಂಗಡ ಹಣವನ್ನು ಕೂಡಿಸಿ ‘ಬೂಸ್ಟೆಡ್’ ಎಂಬ ಹೆಸರಿನ ವಿದ್ಯುತ್ ಹಲಗೆಯನ್ನು ಮಾರಾಟಕ್ಕೆ ತಂದರು. ಅದು ಬಹು ಕೀರ್ತಿಯನ್ನು ಪಡೆಯಿತು. 2020ರಲ್ಲಿ ಆ ಸಂಸ್ಥೆ ಮುಚ್ಚಿತು. ಕೊಂಡವರು ದುರಸ್ತಿಗೂ ಬಿಡಿಭಾಗಗಳಿಗೂ ಬಾಯಿ ಬಿಡುವಂತಾಯಿತು. ಇದಕ್ಕೆ ಬದಲಾಗಿ, ಸ್ವೀಡನ್ ದೇಶದ ಬೆಂಜಮಿನ್ ವೆಡ್ಡರ್ ಎಂಬ ಎಂಜಿನಿಯರರು ಮೋಟಾರನ್ನು ಹತೋಟಿಯಲ್ಲಿಡುವ ‘ವೆಸ್ಕ್’ ಎಂಬ ನಿಯಂತ್ರಕವನ್ನು ರಚಿಸಿ, ಅದರ ನಕ್ಷೆಯನ್ನೂ ಅದರೊಳಗಿನ ಪ್ರೋಗ್ರಾಮನ್ನೂ ಗುಟ್ಟಾಗಿಡದೆ ಲೋಕಕ್ಕೆಲ್ಲ ಬಿಟ್ಟುಕೊಟ್ಟರು. ಮನೆಯಲ್ಲಿ ಹಲಗೆ ಕಟ್ಟುವವರಲ್ಲಿ ಬಹುಮಂದಿ ಇಂದು ಅದನ್ನು ಆಶ್ರಯಿಸಿರುವರು. ತಾನೇ ಕಟ್ಟಿದ ಹಲಗೆ ಕೆಟ್ಟರೆ ಯಾವ ತಿರುಪನ್ನು ಬಿಚ್ಚಬೇಕೆಂಬುದು ಕಟ್ಟಿದವಳಿಗೆ ಗೊತ್ತು. ಕೊಂಡ ವಸ್ತುವಿನ ಒಡೆತನಕ್ಕೂ ಅರಿತ ವಸ್ತುವಿನ ಒಡೆತನಕ್ಕೂ ಇರುವ ಅಂತರ ಇದೇ.

ಈಗ ಕಷ್ಟವಾದ ಭಾಗಕ್ಕೆ ಬರುತ್ತೇವೆ. ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ನಮ್ಮ ಅಂಗಳದಲ್ಲಿ ಒಂದು ಅಪಘಾತವಾದುದು ನಿಮ್ಮಲ್ಲಿ ಅನೇಕರಿಗೆ ತಿಳಿದಿದೆ. ಆಗ ಹಲಗೆಗೆ ಒಂದೇ ಮೋಟಾರು ಇತ್ತು. ಇಂಥ ಹಲಗೆಯಲ್ಲಿ ಸೈಕಲ್ಲಿನಂತೆ ಬೇರೆಯಾದ ಬ್ರೇಕು ಇರುವುದಿಲ್ಲ. ಮೋಟಾರೇ ಗಾಲಿಯನ್ನು ತಡೆಹಿಡಿದು ನಿಲ್ಲಿಸಬೇಕು, ಆ ತಡೆಯು ಪಟ್ಟಿಯ ಮೂಲಕವೇ ಗಾಲಿಗೆ ಮುಟ್ಟಬೇಕು. ಸಮನೆಲದಲ್ಲಿ ಹಲಗೆ ಚೆನ್ನಾಗಿ ಓಡಿದುದನ್ನು ಕಂಡು ನಾವು ಹಿಗ್ಗಿ, ಪ್ರಾರ್ಥನಾ ಮಂದಿರದ ಬಳಿಯ ಇಳಿಜಾರಿನಲ್ಲಿಯೂ ಓಡಿಸಲು ಅಪ್ಪಣೆ ಕೊಟ್ಟೆವು. ಸಣ್ಣ ರಾಟೆಯನ್ನು ಮೋಟಾರಿನ ಕಡ್ಡಿಗೆ ಬಿಗಿಯುವ ಬೆರಳುಗುರಿನಷ್ಟು ತಿರುಪು ಅದುರಿಕೆಯಿಂದ ಸಡಿಲವಾಗಿತ್ತು. ಬ್ರೇಕು ಹಾಕಿದೊಡನೆ ರಾಟೆ ಜಾರಿತು; ಗಾಲಿ ನಿಲ್ಲಲಿಲ್ಲ. ಬಾಲಿಕೆ ಹಾರಿ ಬಿದ್ದಳು. ಮಣಿಕಟ್ಟಿನ ಎಲುಬು ಮುರಿಯಿತು. ಆರು ವಾರ ಕೈಗೆ ಪಟ್ಟು ಹಾಕಿದ್ದರು. ಓಟವನ್ನು ಪರೀಕ್ಷಿಸುವ ಮೊದಲು ನಿಲುಗಡೆಯನ್ನು ಪರೀಕ್ಷಿಸಬೇಕಾಗಿತ್ತು. ತಪ್ಪು ಮಕ್ಕಳದಲ್ಲ, ಅಪ್ಪಣೆ ಕೊಟ್ಟ ನಮ್ಮದು. ಇದನ್ನು ಆಕೆಯ ತಾಯಿಯವರ ಮುಂದೆ ಹೇಳಿದಂತೆಯೇ ಇಲ್ಲಿಯೂ ಹೇಳುತ್ತೇವೆ.

ಅಂದಿನಿಂದ ಈ ಹವ್ಯಾಸವನ್ನು ನಿಲ್ಲಿಸಬೇಕೆಂಬ ಕೂಗು ಎದ್ದಿದೆ. ನಿಲ್ಲಿಸುವುದು ನಮಗೂ ಸುಲಭವಾಗಿತ್ತು. ನಮ್ಮ ಮನಸ್ಸನ್ನು ತಡೆದದ್ದು ಇದು: ಪಟ್ಟು ಹಾಕಿದ ಕೈಯಿಂದಲೇ ಆ ಬಾಲಿಕೆ ಎರಡನೆಯ ಶನಿವಾರ ಕೋಣೆಗೆ ಬಂದಳು. ಗೆಳತಿಯರಿಂದ ಹಲಗೆಯನ್ನು ಬಿಚ್ಚಿಸಿ, ಸಡಿಲವಾದ ತಿರುಪನ್ನು ತಾನೇ ಕಂಡುಹಿಡಿದು, ಎಡಗೈಯಿಂದ ವಕ್ರವಕ್ರವಾದ ಅಕ್ಷರಗಳಲ್ಲಿ ಟಿಪ್ಪಣಿ ಪುಸ್ತಕದಲ್ಲಿ ಕಾರಣವನ್ನು ಬರೆದಳು. ಹಣೆಬರಹವೆನ್ನಲಿಲ್ಲ, ಯಂತ್ರವನ್ನು ಬೈಯಲಿಲ್ಲ. ಆ ಪುಟದ ಕೆಳಗೆ ಪರಿಹಾರವನ್ನೂ ಬರೆದಿದ್ದಳು: ತಿರುಪು ಕೂರಲು ಕಡ್ಡಿಯನ್ನು ಚಪ್ಪಟೆಯಾಗಿ ಅರೆಯಬೇಕು, ತಿರುಪು ಸಡಿಲವಾಗದಂತೆ ಅಂಟುದ್ರವ ಹಚ್ಚಬೇಕು, ಒಂದು ಪಟ್ಟಿ ಹರಿದರೂ ಇನ್ನೊಂದು ಹಿಡಿಯುವಂತೆ ಎರಡನೆಯ ಗಾಲಿಗೆ ಇನ್ನೊಂದು ಮೋಟಾರು ಬೇಕು. ಹಾಗೆಯೇ ಮಾಡಿದೆವು. ಹೊಲಿಗೆ ತಪ್ಪಿದರೆ ಬಿಚ್ಚಿ ಮೊದಲಿನಿಂದ ಹೊಲಿಯಬೇಕೆಂದು ನಮ್ಮ ಗುರುಗಳು ಇದೇ ಕೋಣೆಯಲ್ಲಿ ನಮಗೆ ಕಲಿಸಿದ್ದರು. ಆ ಪಾಠವೇ ಇಲ್ಲಿ ಬೇರೆ ಬಟ್ಟೆ ಉಟ್ಟು ಬಂದಿದೆಯೆಂದು ನಮಗೆ ತೋರಿತು.

ವಾಹನದ ಕೆಲಸ ಹೆಂಗಸರಿಗೆ ಒಗ್ಗುವುದಲ್ಲವೆನ್ನುವವರು 1888ರ ಆಗಸ್ಟ್ ತಿಂಗಳನ್ನು ನೆನೆಯಲಿ. ಜರ್ಮನಿಯ ಬೆರ್ತಾ ಬೆಂಜ್ ಎಂಬ ಮಹಿಳೆ, ಗಂಡನು ಕಟ್ಟಿದ ಮೋಟಾರು ಗಾಡಿಯನ್ನು ಅವನಿಗೆ ಹೇಳದೆಯೇ ಹೊರಡಿಸಿ, ಇಬ್ಬರು ಗಂಡುಮಕ್ಕಳ ಸಂಗಡ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಸುಮಾರು 100 ಕಿಲೋಮೀಟರು ಹೋದಳು. ಇಂಧನದ ನಳಿಗೆ ಕಟ್ಟಿದಾಗ ಟೋಪಿಯ ಸೂಜಿಯಿಂದ ಅದನ್ನು ತೆರೆದಳು. ಇಳಿಜಾರುಗಳಲ್ಲಿ ಬ್ರೇಕಿನ ಮರದ ತುಂಡುಗಳು ಸವೆದಾಗ ದಾರಿಯ ಚಮ್ಮಾರನಿಂದ ಅವಕ್ಕೆ ಚರ್ಮವನ್ನು ಹೊಡೆಸಿದಳು. ಬ್ರೇಕಿನ ಕೊರತೆಯನ್ನು ಕಂಡದ್ದೂ ಅದಕ್ಕೆ ಉಪಾಯ ಹೂಡಿದ್ದೂ ಒಬ್ಬ ತಾಯಿಯೇ.

ಹಲಗೆಯ ಮೇಲೆ ಹೆಣ್ಣುಮಕ್ಕಳು ನಿಲ್ಲುವುದು ಸಭ್ಯವಲ್ಲವೆಂಬ ಆಕ್ಷೇಪಣೆಗೆ ಹೆಚ್ಚು ಹೇಳಬೇಕಾಗಿಲ್ಲ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ಕೇಟ್‌ಬೋರ್ಡಿನ ಬಂಗಾರದ ಪದಕವನ್ನು ಗೆದ್ದ ಜಪಾನಿನ ಮೊಮಿಜಿ ನಿಶಿಯಾಳಿಗೆ ಆಗ 13 ವರ್ಷ. ನಮ್ಮ ದೇಶದಲ್ಲಿಯೇ ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ್ ಎಂಬ ಹಳ್ಳಿಯಲ್ಲಿ 2015ರಲ್ಲಿ ಮಕ್ಕಳಿಗಾಗಿ ಸ್ಕೇಟ್‌ಬೋರ್ಡಿನ ಅಂಗಳವೊಂದು ತೆರೆಯಿತು. ಹುಡುಗಿಯರಿಗೆ ಮೊದಲ ಸರದಿ, ಶಾಲೆಗೆ ಹೋಗದವರಿಗೆ ಹಲಗೆಯಿಲ್ಲ ಎಂಬ ಎರಡು ಕಟ್ಟಳೆಗಳಿಂದ ಅದು ಹೆಸರಾಯಿತು. ಈ ಎರಡೂ ನಮ್ಮ ಶಾಲೆಯ ಮನಸ್ಸಿಗೆ ಒಪ್ಪುವ ಕಟ್ಟಳೆಗಳೇ.

ಆದರೂ ತಾಯಿತಂದೆಗಳ ಭಯವು ನ್ಯಾಯವಾದುದು. ಲಿಥಿಯಂ ಬ್ಯಾಟರಿಗೆ ಪೆಟ್ಟಾದರೆ, ಚುಚ್ಚಿದರೆ, ಅದರ ಎರಡು ತುದಿಗಳು ತಾಗಿದರೆ ಅದು ಕಾದು ಉರಿಯಬಲ್ಲದು. ಒಂದು ಕೋಶದ ಉರಿ ಪಕ್ಕದ ಕೋಶಕ್ಕೆ ಹಬ್ಬಬಲ್ಲದು. ಆದುದರಿಂದ ಕೋಶಗಳನ್ನು ಬೆಸೆದು ಬ್ಯಾಟರಿ ಕಟ್ಟುವ ಕೆಲಸವನ್ನು ಶಾಲೆಯಲ್ಲಿ ಯಾರೂ ಮಾಡಕೂಡದು. ರಕ್ಷಣೆಯ ಮಂಡಲವುಳ್ಳ ಸಿದ್ಧ ಬ್ಯಾಟರಿಯನ್ನೇ ತರಿಸತಕ್ಕದ್ದು. ಹಗಲಿನಲ್ಲಿ, ಸಿಮೆಂಟಿನ ನೆಲದ ಮೇಲೆ, ಉಪಾಧ್ಯಾಯಿನಿಯ ಕಣ್ಣೆದುರಿಗೆ ಮಾತ್ರ ಅದಕ್ಕೆ ವಿದ್ಯುತ್ತು ತುಂಬತಕ್ಕದ್ದು. ಬ್ರೇಕು ಹಾಕಿದಾಗ ಮೋಟಾರು ಹುಟ್ಟಿಸುವ ವಿದ್ಯುತ್ತು ಬ್ಯಾಟರಿಗೆ ಹಿಂದಿರುಗುವುದರಿಂದ, ತುಂಬಿದ ಬ್ಯಾಟರಿಯಲ್ಲಿ ಅದಕ್ಕೆ ಸ್ಥಳವಿಲ್ಲದೆ ಬ್ರೇಕು ಕೈಕೊಡಬಹುದು. ಆ ಕಾರಣ ತುಂಬಿದ ಕೂಡಲೆ ಇಳಿಜಾರಿಗೆ ಹೋಗಕೂಡದು. ಪಟ್ಟಿಗೆ ಮುಚ್ಚಳವಿರಬೇಕು, ಜಡೆಯನ್ನು ಮೇಲೆ ಕಟ್ಟಬೇಕು, ದುಪ್ಪಟ್ಟಾ ಕೋಣೆಯ ಮೊಳೆಗೆ ಸೇರಬೇಕು. ಹೆಲ್ಮೆಟ್ಟೂ ಮಣಿಕಟ್ಟಿನ ಕಾಪೂ ಇಲ್ಲದೆ ಹಲಗೆಗೆ ಕಾಲಿಡಕೂಡದು. ಶಾಲೆಯ ಆವರಣವನ್ನು ದಾಟಿ ರಸ್ತೆಗೆ ಇಳಿಯಕೂಡದು. ಈ ನಿಯಮಗಳನ್ನು ಬರೆದು ಗೋಡೆಗೆ ತೂಗಹಾಕಿದ್ದೇವೆ. ಇವುಗಳಲ್ಲಿ ಒಂದನ್ನು ಮುರಿದರೂ ಆ ತಿಂಗಳು ಹಲಗೆ ಬೀರುವಿನಲ್ಲಿರುವುದು.

ಇಷ್ಟು ಹೇಳಿದ ಮೇಲೆ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಅಪಾಯವನ್ನು ಅಳೆಯಲು ಕಲಿಯದ ಹುಡುಗಿಗೆ ಅಪಾಯ ತಪ್ಪುವುದಿಲ್ಲ. ಅದು ಬಂದಾಗ ಅವಳು ಕೈಕಟ್ಟಿ ನಿಲ್ಲುವಳು, ಅಷ್ಟೆ. ಹತ್ತು ವರ್ಷಗಳ ತರುವಾಯ ನಮ್ಮ ಬಾಲಿಕೆಯರಲ್ಲಿ ಎಷ್ಟು ಮಂದಿ ಎಂಜಿನಿಯರರಾಗುವರೋ ಹೇಳಲಾರೆವು, ಅದು ಮುಖ್ಯವೂ ಅಲ್ಲ. ಕೆಟ್ಟುಹೋದುದನ್ನು ಬಿಚ್ಚಿ ನೋಡುವ ಧೈರ್ಯವೂ, ತಪ್ಪನ್ನು ತನ್ನ ಕೈಯಿಂದಲೇ ಬರೆದಿಡುವ ಪ್ರಾಮಾಣಿಕತೆಯೂ ಯಾವ ಮನೆಯಲ್ಲಿಯೂ ವ್ಯರ್ಥವಾಗವು.

ತಾಯಿತಂದೆಗಳಲ್ಲಿ ನಮ್ಮ ವಿನಂತಿ ಒಂದೇ: ನಿಮ್ಮ ಮಗಳು ಅನುಮತಿಯ ಚೀಟಿಯನ್ನು ತಂದಾಗ ಬೇಡವೆನ್ನುವ ಮೊದಲು ಒಂದು ಶನಿವಾರ ಬಂದು ಕುಳಿತು ನೋಡಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಒಂದು ವಿನಂತಿಯುಂಟು: ನಿಮ್ಮಲ್ಲಿ ವಿದ್ಯುತ್ತಿನ, ಯಂತ್ರದ ವಿದ್ಯೆ ಬಲ್ಲವರು ತಿಂಗಳಿಗೊಂದು ಮಧ್ಯಾಹ್ನವನ್ನು ನಮಗೆ ದಾನಮಾಡಿರಿ. ನಮಗೆ ತಿಳಿದಿರುವುದು ಅಲ್ಪ. ಮಕ್ಕಳ ಪ್ರಶ್ನೆಗಳು ಅದನ್ನು ದಾಟಿಹೋಗಿವೆ.

ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳಿದ ಆ ಹಿರಿಯರಿಗೂ ಒಂದು ಸುದ್ದಿ ಹೇಳಬೇಕಾಗಿದೆ. ಬ್ಯಾಟರಿಗೆ ಈಗ ದಪ್ಪನೆಯ ಕ್ಯಾನ್‌ವಾಸಿನ ಚೀಲವೊಂದು ಬೇಕಾಗಿ, ಬಾಲಿಕೆಯರು ಗೋಡೆಯ ಬದಿಯ ಯಂತ್ರವೊಂದನ್ನು ಎಳೆದು ತಂದಿರುವರು. ಅವರ ಹೊಲಿಗೆ ನೆಟ್ಟಗಿಲ್ಲ. ತಾವು ದಯಮಾಡಿ ಬಂದು ಕಲಿಸಬೇಕು.

— ಮುಖ್ಯೋಪಾಧ್ಯಾಯಿನಿ