ಒಬ್ಬಗ ಒಪ್ಪಿಸಿದ ಜೀವಾ, ದಿನಾ ಒಪ್ಪಸಬೇಕು

ಅಕ್ಕಾತಂಗೇರ, ‘ಯೇಸುಸ್ವಾಮಿ’ ಅನ್ನೂ ಮಾತು ನಮ್ಮ ಮನಿಗೋಳಾಗ ದಿನಕ್ಕ ಎಷ್ಟ ಸಲ ಬಾಯಾಗ ಬರ್ತೈತಿ ಅನ್ನೂದಕ್ಕ ಲೆಕ್ಕಾ ಇಲ್ಲ. ಹಾಲು ಉಕ್ಕಿದ್ರೂ ಸ್ವಾಮಿ, ಕರೆಂಟ್ ಹೋದ್ರೂ ಸ್ವಾಮಿ, ಕಬ್ಬಿನ ಬಿಲ್ಲು ಬರದಿದ್ರೂ ಸ್ವಾಮಿ. ಆದ್ರ ಸ್ವಾಮಿ ಅಂದ್ರ ಏನು? ಮಾಲಕ. ಒಂದು ಹೊಲದ ಮಾಲಕ ಯಾರು ಅಂತ ಕೇಳಿದ್ರ ನಮ್ಮ ಚಿಕ್ಕೋಡಿ ಕಡೆ ಮಂದಿ ಮಾತ ಕೇಳೂದಿಲ್ಲ, ಉತಾರ ತೋರಸ್ರಿ ಅಂತಾರ. ಬಾಯಿಲೆ ಎಷ್ಟರೆ ‘ಮಾಲಕ್ರ’ ಅಂತ ಕರೀರಿ, ಉತಾರದಾಗ ಯಾರ ಹೆಸರು ಐತಿ ಅವರದ ಹೊಲಾ.

ನಮ್ಮ ಜೀವನದ ಉತಾರದಾಗ ಯಾರ ಹೆಸರೈತಿ? ಈ ಬಗ್ಗೆ ನನ್ನ ಎರಡು ಅಭಿಪ್ರಾಯ ಬರೀತೇನಿ. ಒಂದು, ಆ ಹೆಸರು ದೀಕ್ಷಾಸ್ನಾನದ ದಿನಾ ಒಂದ ಸಲ ಬರದ್ರ ಸಾಲೂದಿಲ್ಲ, ದಿನಾ ಮುಂಜಾನಿ ಬರೀಬೇಕು. ಎರಡು, ಯೇಸುವಿಗೆ ಒಪ್ಪಿಸಿದ್ದನ್ನ ಮತ್ತೊಬ್ಬರು ಕಸಗೊಳ್ಳಾಕ ಬಂದ್ರ ಕೊಡಬಾರ್ದು. ಮೊದಲನೇದು ಎಲ್ಲಾರೂ ಹೇಳ್ತಾರ. ಎರಡನೇದು ಯಾರೂ ಹೇಳೂದಿಲ್ಲ, ಅದಕ್ಕ ಬರಿಯಾಕ ಕುಂತೇನಿ.

ಮೊದಲ ಮೊದಲನೇದ ನೋಡೂಣು. ನನ್ನ ಹಿಂದ ಬರಾವ ತನ್ನ ಶಿಲುಬೆ ಹೊತ್ಕೊಂಡು ಬರಲಿ ಅಂತ ಯೇಸು ಹೇಳಿದ ಮಾತು ಮತ್ತಾಯ, ಮಾರ್ಕ, ಲೂಕ ಮೂರೂ ಸುವಾರ್ತೆಯೊಳಗ ಐತಿ. ಆದ್ರ ಲೂಕನ 9ನೇ ಅಧ್ಯಾಯದಾಗ ಒಂದು ಶಬ್ದ ಹೆಚ್ಚಿಗಿ ಐತಿ: ದಿನಾಲೂ. ಉಳಿದ ಇಬ್ಬರೂ ಆ ಶಬ್ದ ಬರದಿಲ್ಲ. ಬೇಕಾದ್ರ ಮೂರೂ ತಗದು ಬಾಜೂಕ ಬಾಜೂ ಇಟ್ಟು ಓದ್ರಿ. ಆ ಒಂದು ಶಬ್ದ ನಮ್ಮಂಥ ಹೆಣ್ಣಮಕ್ಕಳ ಸಲುವಾಗೇ ಐತಿ ಅಂತ ನನಗ ಅನಸ್ತೈತಿ. ಯಾಕಂದ್ರ ‘ದಿನಾಲೂ’ ಅಂದ್ರ ಏನು ಅಂತ ನಮಗ ಗೊತ್ತಿದ್ದಷ್ಟು ಮತ್ಯಾರಿಗೆ ಗೊತ್ತೈತಿ? ನಿನ್ನೆ ಹತ್ತು ರೊಟ್ಟಿ ಬಡದೇನಿ ಅಂತ ಇವತ್ತ ಒಲಿ ಹಚ್ಚೂದು ತಪ್ಪತೈತೇನು? ನಿನ್ನೆ ಕಸಾ ಹೊಡದಿದ್ದಕ್ಕ ಇವತ್ತ ಅಂಗಳಾ ಸ್ವಚ್ಛ ಇರ್ತೈತೇನು? ಇಸ್ರಾಯೇಲ ಮಂದಿಗೆ ಅಡವ್ಯಾಗ ದೇವರು ಮನ್ನಾ ಕೊಟ್ಟಾಗೂ ಹಂಗ ಆತು. ಒಂದ ದಿನಕ್ಕ ಆಗೂವಷ್ಟ ಕೂಡಸಬೇಕಿತ್ತು. ನಾಳಿಗಿ ಇರಲಿ ಅಂತ ಇಟ್ಕೊಂಡವರದು ಹುಳಾ ಬಿದ್ದು ನಾತಾ ಹೊಡೀತು. ಸಬ್ಬತ್ ದಿನದ ಹಿಂದಿನ ದಿನಾ ಮಾತ್ರ ಎರಡು ಪಾಲು ಕೂಡಸಾಕ ಪರವಾನಗಿ ಇತ್ತು. ನಿನ್ನಿನ ಭಕ್ತಿನೂ ಹಂಗ, ಇಟ್ಟರ ಕೆಡತೈತಿ.

ಇದಕ್ಕ ಪಂಡಿತಾ ರಮಾಬಾಯಿಯವರಕಿಂತ ಛಲೋ ಸಾಕ್ಷಿ ನನಗ ಗೊತ್ತಿಲ್ಲ. ಅವರನ್ನ ಮಹಾರಾಷ್ಟ್ರದವರು ಅಂತ ಭಾಳ ಮಂದಿ ತಿಳಕೊಂಡಾರ. ಹುಟ್ಟಿದ್ದು ನಮ್ಮ ಕರ್ನಾಟಕದಾಗ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಾಗ, 1858ರಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ, ತಾಯಿ ಲಕ್ಷ್ಮೀಬಾಯಿ. ಹೆಂಗಸರು ಸಂಸ್ಕೃತ ಓದಬಾರದು ಅಂತ ಮಂದಿ ಅಂದಾಗೂ ಆ ತಂದೆ ಹೆಂಡತಿಗೆ ಕಲಿಸಿದರು. ಬರಗಾಲದಾಗ ರಮಾಬಾಯಿ ತಂದಿ ತಾಯಿ ಇಬ್ಬರನ್ನೂ ಕಳಕೊಂಡರು. ಅಣ್ಣನ ಜೋಡಿ ನಡಕೋತ ದೇಶಾ ತಿರುಗಿ 1878ರಾಗ ಕಲಕತ್ತಾ ಮುಟ್ಟಿದರು. ಅಲ್ಲಿಯ ವಿದ್ವಾಂಸರು ಅವರಿಗೆ ಪಂಡಿತಾ, ಸರಸ್ವತಿ ಅಂತ ಬಿರುದು ಕೊಟ್ಟರು. 1880ರಲ್ಲಿ ಮದುವಿ, 1882ರಲ್ಲಿ ಗಂಡ ತೀರಿಕೊಂಡರು, ಕೈಯಾಗ ಸಣ್ಣ ಮಗಳು ಮನೋರಮಾ. 1883ರಲ್ಲಿ ಇಂಗ್ಲಂಡಿಗೆ ಹೋಗಿ ಅಲ್ಲೇ ದೀಕ್ಷಾಸ್ನಾನ ತಗೊಂಡರು.

ಇಲ್ಲಿಗೆ ಕಥಿ ಮುಗೀತು ಅಂತ ನಾವು ಅಂದ್ಕೋತೇವಿ. ಆದ್ರ ಮುಂದ ಅವರ ಬರದ ಸಾಕ್ಷಿಯೊಳಗ ಏನ ಹೇಳ್ತಾರಂದ್ರ, ದೀಕ್ಷಾಸ್ನಾನದಾಗ ನನಗ ಕ್ರಿಸ್ತೀ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಗಾಕ ಇನ್ನೂ ಸುಮಾರು ಎಂಟು ವರ್ಷ ಹಿಡೀತು ಅನ್ನೂ ಅರ್ಥದ ಮಾತು. ಅಷ್ಟು ಕಲಿತ ಹೆಣ್ಣಮಗಳು! ಅಷ್ಟೊತ್ತಿಗೆ ಅಮೆರಿಕಾ ತಿರುಗಿ ಬಂದಿದ್ದರು, 1889ರಲ್ಲಿ ಮುಂಬೈಯೊಳಗ ವಿಧವೆಯರ ಸಲುವಾಗಿ ಶಾರದಾ ಸದನ ತೆರೆದಿದ್ದರು. ಕೆಲಸಾ ನಡದಿತ್ತು, ಹೆಸರು ಬಂದಿತ್ತು. ಆದ್ರೂ ಒಳಗ ಒಪ್ಪಿಸೂದು ಬಾಕಿ ಐತಿ ಅಂತ ಅವರಿಗೆ ತಿಳೀತು. ಅದರ ಮುಂದ 1896-97ರ ಬರಗಾಲದಾಗ ಮಧ್ಯಪ್ರಾಂತ್ಯಕ್ಕ ಹೋಗಿ ಹಸದ ಹೆಣ್ಣಮಕ್ಕಳನ್ನ ಕರಕೊಂಡು ಬಂದು, ಪುಣೆ ಹತ್ತಿರದ ಕೇಡಗಾಂವದಾಗ ಮುಕ್ತಿ ಸದನ ಕಟ್ಟಿದರು. 1900ರ ಹೊತ್ತಿಗೆ ಅಲ್ಲಿ ಸಾವಿರಕ್ಕಿಂತ ಹೆಚ್ಚು ಮಂದಿ. ಇದ್ದ ವಿದ್ಯೆಯನ್ನೂ ಒಪ್ಪಿಸಿದರು: ವಯಸ್ಸಾದ ಮ್ಯಾಲ ಹೀಬ್ರೂ, ಗ್ರೀಕ್ ಕಲಿತು, ಹಳ್ಳಿ ಹೆಂಗಸಿಗೂ ತಿಳಿಯೂ ಮರಾಠಿಯೊಳಗ ಬೈಬಲ್ ಅನುವಾದ ಮಾಡಿದರು. 1921ರಾಗ ಮಗಳು ಮನೋರಮಾ ಹೋದಳು. ಆದ್ರೂ ಕೆಲಸಾ ಬಿಡಲಿಲ್ಲ. 1922ರ ಏಪ್ರಿಲ್ 5ಕ್ಕ ತೀರಿಕೊಳ್ಳೂದ್ರೊಳಗ ಅನುವಾದ ಮುಗಿಸಿದ್ದರು. ಮಗಳು ಹೋದ ಮರುದಿನ ಮುಂಜಾನಿ ಒಪ್ಪಿಸೂದು ಎಷ್ಟು ಕಠಿಣ ಇರಬೇಕು, ನೀವ ವಿಚಾರ ಮಾಡ್ರಿ.

ಇನ್ನೊಂದು ಸಾಕ್ಷಿ ನಮ್ಮ ಮಗ್ಗಲಕ್ಕ ಐತಿ. ಅಥಣಿ, ಕಾಗವಾಡ, ರಾಯಬಾಗದ ಮಂದಿಗೆ ಮಿರಜ ಅಂದ್ರ ದವಾಖಾನಿ. ಕುಡಚಿ, ಉಗಾರ, ಶೇಡಬಾಳ ಸ್ಟೇಷನ್ನಿನ್ಯಾಗ ರೈಲ್ ಹತ್ತಿ, ಪೇಶಂಟ್ ಕರಕೊಂಡು, ಬುತ್ತಿ ಕಟ್ಟಕೊಂಡು ಹೋಗದ ಮನಿ ಯಾವುದೈತಿ? ಆ ಊರಿಗೆ ದವಾಖಾನಿ ಹೆಸರು ಬಂದಿದ್ದರ ಬುಡಕ್ಕ ಡಾಕ್ಟರ್ ವಿಲಿಯಂ ವಾನ್ಲೆಸ್ ಅದಾರ. ಕೆನಡಾದಾಗ ಹುಟ್ಟಿದವರು, ಮಿಷನ್ ಕೆಲಸಕ್ಕಂತ 1889ರಲ್ಲಿ ಭಾರತಕ್ಕ ಬಂದರು, 1894ರಲ್ಲಿ ಮಿರಜದಾಗ ದವಾಖಾನಿ ತೆರೆದರು, 1928ರತನಕಾ ದುಡದರು. ಹೆಚ್ಚುಕಡಿಮಿ ನಲವತ್ತು ವರ್ಷ. ಹಡಗ ಹತ್ತುವಾಗ ಒಂದ ಸಲ ‘ಸ್ವಾಮಿ, ನಾ ನಿನ್ನಾವ’ ಅಂದ್ರ ನಲವತ್ತು ವರ್ಷ ನಡೀತೈತೇನು? ಬ್ಯಾಸಗಿ, ಪ್ಲೇಗು, ಮುಗೀಲಾರದ ಪೇಶಂಟ್ ಸಾಲು, ಇವುಗಳ ನಡುವ ದಿನಾ ಎದ್ದು ಮತ್ತ ಅನ್ನಬೇಕು. ಒಂದು ದೊಡ್ಡ ತ್ಯಾಗದ ದಿನಾ ಎಲ್ಲಾರಿಗೂ ಕಾಣತೈತಿ. ನಂತರದ ಹತ್ತಾರು ಸಾವಿರ ಮುಂಜಾನಿ ಯಾರಿಗೂ ಕಾಣೂದಿಲ್ಲ.

ನಾವೇನು ದವಾಖಾನಿ ಕಟ್ಟೂದಿಲ್ಲ, ಬೈಬಲ್ ಅನುವಾದ ಮಾಡೂದಿಲ್ಲ. ನಾವು ಒಪ್ಪಸೂದು ಏನು? ಸಣ್ಣ ಸಾಮಾನು. ನಾಲಿಗಿ, ಅದು ಮೊದಲು. ಓಣ್ಯಾಗ ಒಬ್ಬಾಕಿ ಮಗಳ ಬಗ್ಗೆ ಮಾತು ಹುಟ್ಟಿದಾಗ, ಆ ಮಾತು ನಮ್ಮ ಕಟ್ಟಿಮ್ಯಾಲೆ ಸಾಯಬೇಕೋ, ಮುಂದಿನ ಕಟ್ಟಿಗೆ ನಡೀಬೇಕೋ, ನಾವ ಠರಾವ ಮಾಡತೇವಿ. ರೊಕ್ಕಾ, ಅದು ಎರಡನೇದು. ಸಂಘದ ಕಂತು ತುಂಬೂ ದಿನಾ ಬಂದಾಗ ಸುಳ್ಳ ನೆಪಾ ಹೇಳೂದೋ, ಖರೇ ಹೇಳಿ ನಾಕು ದಿನಾ ಕೇಳೂದೋ. ಮಕ್ಕಳು, ಅದು ಮೂರನೇದು. ಮಗಾ ಹಾಸನಕ್ಕ ನೌಕರಿಗೆ ಹೊಂಟಾಗ ‘ದೇವರು ನೋಡ್ಕೋತಾನ’ ಅಂತ ಬಾಯಿಲೆ ಅಂದು, ತಾಸಿಗೊಮ್ಮೆ ಫೋನ್ ಮಾಡಿ ಅವನ ಜೀವಾ ತಿಂದ್ರ, ಒಪ್ಪಿಸಿದಂಗ ಆಗೂದಿಲ್ಲ. ಮತ್ತ ಅಡಗಿಮನಿ. ನಗಬ್ಯಾಡ್ರಿ, ಖರೇನ ಹೇಳ್ತೇನಿ. ಮನಿಗೆ ಸೊಸಿ ಬಂದ ಮ್ಯಾಲ ಉಪ್ಪಿನ ಡಬ್ಬಿ ಯಾವ ಜಾಗಾದಾಗ ಇರಬೇಕು ಅನ್ನೂದು ನನಗ ದಿನಾ ಮುಂಜಾನಿ ಒಪ್ಪಸೂ ಸಂಗತಿ. ಯೇಸು ಈ ಮನಿ ಯಜಮಾನ ಅಂದ ಮ್ಯಾಲ, ಡಬ್ಬಿ ಸರಿಸಿದ್ದಕ್ಕ ನಾ ಯಾರು ಮುಖ ಊದಿಸಾಕ?

ಕೆಲವರು ಅಂತಾರ, ಎಲ್ಲಾ ದೇವರಿಗೆ ಒಪ್ಪಿಸಿದ್ರ ಮನುಷ್ಯಾ ಮೈಗಳ್ಳ ಆಗ್ತಾನ ಅಂತ. 2019ರ ಆಗಸ್ಟದಾಗ ಕೃಷ್ಣಾ ನದಿ ತುಂಬಿ ನಮ್ಮ ಈ ತಾಲೂಕಿನ ಊರೂರಿಗೇ ನೀರ ಹೊಕ್ಕಾಗ, ದಂಡಿ ಮ್ಯಾಲೆ ಕುಂತು ಬರೇ ಪ್ರಾರ್ಥನೆ ಮಾಡಿದವರ ಹೊಟ್ಟಿ ತುಂಬಲಿಲ್ಲ. ಪ್ರಾರ್ಥನೆ ಮಾಡಿ ಎದ್ದು ಮಂದಿಗೆ ರೊಟ್ಟಿ ಬಡದು ಕಳಿಸಿದವರು ಇದ್ದರು, ಅವರಾಗ ಎಲ್ಲಾ ಜಾತಿ ಧರ್ಮದವರೂ ಇದ್ದರು. ಒಪ್ಪಸೂದು ಅಂದ್ರ ಕೈ ಕಟ್ಟಿ ಕುಂಡ್ರೂದಲ್ಲ. ಕೈ ಯಾರ ಹೇಳಿದ್ದಕ್ಕ ಓಡಾಡಬೇಕು ಅನ್ನೂದನ್ನ ನಿಶ್ಚಯ ಮಾಡೂದು.

ಈಗ ಎರಡನೇ ಮಾತಿಗೆ ಬರ್ತೇನಿ. ಗಂಡ ಕುಡದು ಬಂದು ಹೊಡೀತಾನ. ಕಣ್ಣು ಬಾತಿರ್ತಾವ. ಪ್ರಾರ್ಥನಾಕೂಟಕ್ಕ ಬಂದ್ರ ಹಿರೇರು ಅಂತಾರ: ‘ತಂಗಿ, ಇದು ನಿನ್ನ ಶಿಲುಬೆ, ಹೊತ್ಕೋ.’ ಒಂದ ಊರಾಗ ಅಲ್ಲ, ಒಂದ ಪಂಗಡದಾಗ ಅಲ್ಲ, ಈ ಮಾತು ನಮ್ಮ ಕಡೆ ಎಲ್ಲಾ ಕಡೆ ಕೇಳಸ್ತೈತಿ. ಬ್ಯಾರೆ ಧರ್ಮದ ಮನಿಗೋಳಾಗ ಇದ ಮಾತನ್ನ ‘ನಿನ್ನ ಹಣೇಬರಹ’ ಅಂತ ಹೇಳ್ತಾರ. ಶಬ್ದಾ ಬ್ಯಾರೆ, ಬಡಗಿ ಒಂದ. ನಾ ಹೇಳ್ತೇನಿ, ಇದು ಶಿಲುಬೆ ಅಲ್ಲ. ಯಾಕಲ್ಲ ಅಂತ ಬೈಬಲ್ಲಿನಿಂದನ ಹೇಳ್ತೇನಿ.

ಯೇಸು ಹೇಳಿದ್ದು ತನ್ನ ಶಿಲುಬೆ ತಾನ ಹೊತ್ಕೊಂಡು ಬರಲಿ ಅಂತ. ಮತ್ತೊಬ್ಬರ ಹೆಗಲಿಗೆ ಹೊರಸ್ರಿ ಅಂತ ಎಲ್ಲೂ ಹೇಳಿಲ್ಲ. ನಿಯಮದ ಭಾರಾ ಕಟ್ಟಿ ಮಂದಿ ಹೆಗಲ ಮ್ಯಾಲೆ ಇಟ್ಟು, ತಾವು ಒಂದು ಬಟ್ಟೂ ಹಚ್ಚದವರನ್ನ ಆತ ಕಟುವಾಗಿ ಬೈದಾನ. ತನ್ನ ಪ್ರಾಣ ಯಾರೂ ಕಸಗೊಂಡಿಲ್ಲ, ತಾನಾಗೇ ಕೊಡ್ತೇನಿ ಅನ್ನೂ ಅರ್ಥದ ಮಾತು ಯೋಹಾನನ 10ನೇ ಅಧ್ಯಾಯದಾಗ ಐತಿ. ಅದ ಯೋಹಾನನ 18ನೇ ಅಧ್ಯಾಯ ತಗೀರಿ. ಮಹಾಯಾಜಕನ ಮುಂದ ನಿಂತಾಗ ಒಬ್ಬ ಸೇವಕ ಯೇಸುವಿನ ಕಪಾಳಕ್ಕ ಹೊಡೀತಾನ. ಆಗ ಯೇಸು ಸುಮ್ಮ ನಿಂತನೇನು? ಇಲ್ಲ. ತಪ್ಪು ಮಾತಾಡಿದ್ರ ತೋರಸು, ಸರಿ ಮಾತಾಡಿದ್ರ ಯಾಕ ಹೊಡದಿ ಅಂತ ಕೇಳಿದ. ತಿರುಗಿ ಹೊಡೀಲಿಲ್ಲ, ಆದ್ರ ಕೇಳದಂತೂ ಬಿಡಲಿಲ್ಲ. ಸ್ವಾಮಿನ ಕೇಳಿದ ಪ್ರಶ್ನೆ ನಾವು ಕೇಳಿದ್ರ ಅದು ಅವಿಧೇಯತೆ ಹೆಂಗ ಆಗ್ತೈತಿ?

ರಮಾಬಾಯಿ ಇದನ್ನೂ ತೋರಿಸಿಕೊಟ್ಟರು. ಇಂಗ್ಲಂಡದಾಗ ಅವರು ಕಲಿಸುವಾಗ, ಹೆಣ್ಣಮಗಳು ಗಂಡಸರಿಗೆ ಪಾಠಾ ಹೇಳಬಾರದು, ಭಾರತಕ್ಕ ಹೋದ ಮ್ಯಾಲ ಹೆಸರು ಕೆಡತೈತಿ ಅಂತ ಬಿಷಪ್ಪರು ಅಡ್ಡ ಬಂದರು. ತಮಗ ಅನ್ನಾ ಹಾಕಿದ ಮಠದ ಸಿಸ್ಟರ್ ಜೆರಾಲ್ಡಿನ್ ಅವರ ಜೋಡಿನೂ ಪತ್ರದಾಗ ವಾದ ನಡೀತು. ರಮಾಬಾಯಿ ಉಪಕಾರ ಮರೀಲಿಲ್ಲ. ಆದ್ರ ನನ್ನ ಮನಸ್ಸಾಕ್ಷಿ ದೇವರ ಕೈಯಾಗ ಐತಿ, ಒಂದು ಪುರೋಹಿತಗಿರಿ ಬಿಟ್ಟು ಬಂದು ಮತ್ತೊಂದರ ನೊಗಕ್ಕ ಕೊರಳ ಕೊಡೂದಿಲ್ಲ ಅನ್ನೂ ಭಾವದಾಗ ಗಟ್ಟಿ ನಿಂತರು. ಯೇಸುವಿಗೆ ಪೂರ್ತಿ ಒಪ್ಪಿಸಿದಾಕಿ ಮನುಷ್ಯರಿಗೆ ಪೂರ್ತಿ ಒಪ್ಪಸಲಿಲ್ಲ. ಎರಡೂ ಒಂದ ನಾಣ್ಯದ ಎರಡು ಬಾಜು.

ನಮ್ಮ ಲಿಂಗಾಯತ ಮನಿ ಅಕ್ಕಗೋಳಿಗೆ ಇದು ಹೊಸಾದಲ್ಲ. ‘ಶರಣು ಶರಣಾರ್ಥಿ’ ಅನ್ನೂ ಮಾತಿನ ಅರ್ಥನ ಒಪ್ಪಸೂದು. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನಗ ಒಪ್ಪಿಸಿದ್ದಕ್ಕ ಕೌಶಿಕ ರಾಜನ ಅರಮನಿ ಬಿಟ್ಟು ನಡದಳು ಅಂತ ಕಥಿ ಹೇಳ್ತೈತಿ. ನಮ್ಮ ನಂಬಿಕಿ ಬ್ಯಾರೆ ಬ್ಯಾರೆ ಇರಬಹುದು, ಆದ್ರ ಇಷ್ಟು ಎಲ್ಲಾರೂ ಬಲ್ಲೇವಿ: ಉತಾರದಾಗ ಒಬ್ಬನ ಹೆಸರು ಇದ್ದ ಮ್ಯಾಲ ದಾರಿಗೆ ಹೋಗಾವ ಬಂದು ಬೇಲಿ ಹಾಕಾಕ ಬರೂದಿಲ್ಲ.

ಹಂಗಂತ ಸಣ್ಣ ಮಾತಿಗೆ ಮನಿ ಮುರೀರಿ ಅಂತ ನಾ ಹೇಳೂದಿಲ್ಲ. ಉಪ್ಪಿನ ಡಬ್ಬಿ ಬ್ಯಾರೆ, ಬಾತ ಕಣ್ಣು ಬ್ಯಾರೆ. ನನ್ನ ಹಟಾ, ನನ್ನ ಸೊಕ್ಕು, ನನ್ನ ಹೊಟ್ಟಿಕಿಚ್ಚು ಬಿಡಬೇಕಾದ್ರ ನೋವು ಆಗ್ತೈತಿ, ಆ ನೋವು ಶಿಲುಬೆ. ಮತ್ತೊಬ್ಬನ ಪಾಪದ ಹೊಡತ ನನ್ನ ಮೈಮ್ಯಾಲ ಬಿದ್ರ ಅದು ಅವನ ಪಾಪ. ಅದಕ್ಕ ಕಾನೂನು ಐತಿ, 2005ರ ಕೌಟುಂಬಿಕ ಹಿಂಸಾಚಾರದ ಕಾಯ್ದೆ. 181 ಮಹಿಳಾ ಸಹಾಯವಾಣಿ, ಜೀವಕ್ಕ ಅಪಾಯ ಅನಿಸಿದ್ರ 112. ಹೊಡತಾ ತಿಂದಾಕಿ ನಿಮ್ಮ ಬಾಗಿಲಿಗೆ ಬಂದ್ರ ಮೊದಲ ಚಹಾ ಕೊಡ್ರಿ, ಒಳಗ ಕುಂಡ್ರಸ್ರಿ, ಬೇಕಂದ್ರ ಜೋಡಿ ನಡೀರಿ, ಆಮ್ಯಾಲ ಪ್ರಾರ್ಥನೆ ಮಾಡ್ರಿ. ಬರೇ ‘ತಾಳಿಕೋ’ ಅಂತ ಕಳಸೂದು ಯೇಸುವಿನ ಹೆಸರಿನ್ಯಾಗ ಆಗಬಾರ್ದು.

ದಿನಾ ಒಪ್ಪಸೂದು ಹೆಂಗ ಅಂತ ಯಾರರೆ ಕೇಳಿದ್ರ, ನನ್ನ ಹತ್ತರ ದೊಡ್ಡ ಉಪಾಯ ಇಲ್ಲ. ಮುಂಜಾನಿ ಗ್ಯಾಸ್ ಹಚ್ಚೂದ್ರೊಳಗ ಮೂರು ಮಾತು ಸಾಕು. ಇವತ್ತ ಯಾವ ಮಾತು ಬಾಯಿಂದ ಹೊರಗ ಬೀಳಬಾರ್ದು? ಯಾರಿಗೆ ಏನ ಕೊಡಬೇಕು? ಯಾವ ಚಿಂತಿ ಕೈಬಿಡಬೇಕು? ಮೂರಕ್ಕೂ ಹೆಸರ ಇಟ್ಟು ಹೇಳಬೇಕು. ಬರೇ ‘ಎಲ್ಲಾ ನಿನಗ ಒಪ್ಪಿಸೇನಿ ಸ್ವಾಮಿ’ ಅಂದ್ರ ಅದು ಚೀಟಿ ಇಲ್ಲದ ಕಿರಾಣಿ ಇದ್ದಂಗ, ಅಂಗಡಿಗೆ ಹೋದ ಮ್ಯಾಲ ಏನೂ ನೆನಪಾಗೂದಿಲ್ಲ. ರಾತ್ರಿ ಭಾಂಡೆ ತಿಕ್ಕುವಾಗ ಮೂರರಾಗ ಎಷ್ಟು ಉಳದುವು ಅಂತ ನೋಡಬೇಕು. ಒಂದ ಉಳದ್ರೂ ಉಪಕಾರ ಅನ್ನಬೇಕು. ಉಳೀದಿದ್ರ ಅಳಕೋತ ಕುಂಡ್ರಬ್ಯಾಡ್ರಿ, ನಾಳಿ ಮುಂಜಾನಿ ಮತ್ತ ಒಲಿ ಹಚ್ಚೂದು ಇದ್ದ ಐತಿ.

ನಿಪ್ಪಾಣಿ ಕಡೆ ಬೀಡಿ ಕಟ್ಟೂ ಅಕ್ಕಗೋಳು, ಅಥಣಿ ಕಡೆ ಚಪ್ಪಲಿ ಹೊಲಿಯೂ ಮನಿ ಹೆಣ್ಣಮಕ್ಕಳು, ಕಬ್ಬಿನ ಹೊಲದಾಗ ಕಳೆ ತಗಿಯೂ ತಂಗೇರು, ನಿಮಗ ಇದರ ಬಗ್ಗೆ ಏನ ಅನಸ್ತೈತಿ? ಒಪ್ಪದಿದ್ರೂ ಅಡ್ಡಿಯಿಲ್ಲ, ಮದುವಿ ಮುಂಜಿವ್ಯಾಗ ಸಿಕ್ಕಾಗ ಜಗಳಾಡೂಣು. ಆದ್ರ ಬಾತ ಕಣ್ಣಿಗೆ ಶಿಲುಬೆ ಅಂತ ಮತ್ಯಾರರೆ ಹೇಳಾಕ ಬಂದ್ರ ಸುಮ್ಮ ಕುಂಡ್ರಬ್ಯಾಡ್ರಿ, ಯೋಹಾನನ 18ನೇ ಅಧ್ಯಾಯ ತಗದು ಅವರ ಮುಂದ ಇಡ್ರಿ.