ವಿನೈಲ್ ನೆಲ: ಹಾಸುವ ಮುನ್ನ

ಮನೆಯವರೇ ಒಂದು ದಿನದಲ್ಲಿ ಜೋಡಿಸಬಹುದಾದ ವಿನೈಲ್ ಹಲಗೆಗಳು ಈಗ ಪೇಟೆಯಲ್ಲಿ ದೊರೆಯುತ್ತವೆ. ಅಟ್ಟದ ಪಾರ್ಟಿಕಲ್ ಬೋರ್ಡಿನ ಮೇಲೆ ಹಾಸಿದರೆ ಮರದ ನೆಲದ ಚೆಲುವು ಬರುವುದು ನಿಜ. ಆದರೆ ದುಂಡಸಿಯಂತಹ ಅರೆಮಲೆನಾಡಿನ ಊರಿಗೆ ಇದು ಹೊಂದುವುದೇ?

ಪಾರ್ಟಿಕಲ್ ಬೋರ್ಡ್ ಎಂಬುದು ಮರದ ಚೂರುಗಳನ್ನು ಸಾಮಾನ್ಯವಾಗಿ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟಿನಿಂದ ಒತ್ತಿ ಮಾಡಿದ ಹಲಗೆ. ನೀರುಂಡರೆ ಉಬ್ಬುತ್ತದೆ, ಒಣಗಿದರೂ ಮೊದಲಿನ ಆಕಾರಕ್ಕೆ ಮರಳದು. ಗೋಡೆಯಂಚಿನಿಂದ ಒಳಹೊಕ್ಕ ತೇವವನ್ನು ಮೇಲಿನ ವಿನೈಲ್ ಆರಗೊಡದು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಕೆಳಗೆ ಬೂಷ್ಟು ಹಿಡಿಯಲು ಇಷ್ಟು ಸಾಕು.

ವಿನೈಲ್ ಎಂದರೆ ಪಿವಿಸಿ. ಆ ರಾಳದ ತೂಕದಲ್ಲಿ ಸುಮಾರು ಶೇ. 57ರಷ್ಟು ಕ್ಲೋರಿನ್. ಕೆಟ್ಟ ಹಲಗೆಯನ್ನು ಹಿತ್ತಲಿನಲ್ಲಿ ಸುಟ್ಟರೆ ಡಯಾಕ್ಸಿನ್‌ಗಳು ಹುಟ್ಟುತ್ತವೆ. 2001ರ ಸ್ಟಾಕ್‌ಹೋಮ್ ಒಪ್ಪಂದದ ವಿಷಪಟ್ಟಿಯಲ್ಲಿ ಇವೂ ಇವೆ. ಭಾರತ 2006ರಲ್ಲಿ ಅದನ್ನು ಅನುಮೋದಿಸಿತು. ಆದರೆ ಕಸ ಒಯ್ಯುವ ಗಾಡಿಯೇ ಬಾರದ ಹಳ್ಳಿಯಲ್ಲಿ ಹಳೆಯ ಹಲಗೆಗೆ ಬೆಂಕಿಯೇ ಗತಿ.

ಸಗಣಿ ಸಾರಿಸುವ ನೆಲಕ್ಕೇ ಮರಳಿರೆನ್ನುವುದು ನ್ಯಾಯವಲ್ಲ. ಆ ದುಡಿಮೆ ಹೆಣ್ಣುಮಕ್ಕಳ ಪಾಲಿಗೇ ಬೀಳುತ್ತದೆ. ಶಹಾಬಾದಿ ಫರಸಿ ಒರೆಸಿದರೆ ಸಾಕು, ಕಿತ್ತರೆ ಇನ್ನೊಂದು ಮನೆಗೂ ಆದೀತು. ವಿನೈಲೇ ಬೇಕೆಂದರೆ, ಬೋರ್ಡು ಪೂರ್ತಿ ಆರಿದ ಬೇಸಿಗೆಯಲ್ಲಿ, ಗೋಡೆಯ ಸುತ್ತ ಸಂದು ಬಿಟ್ಟು, ಅಂಟಿಲ್ಲದೆ ಸಿಕ್ಕಿಸುವ ಹಲಗೆಯನ್ನೇ ಹಾಸಲಿ. ನೆಲವನ್ನು ಕೊಳ್ಳುವಾಗಲೇ ಅದರ ಕೊನೆಯನ್ನೂ ಎಣಿಸಬೇಕು.